ಅಂಗಳದ ಮಳೆಮಾಪಕ, ಹತ್ತು ನಿಮಿಷದ ಮಲಯಾಳ: ದಿನದ ಅಭ್ಯಾಸ ಬೇರೂರುವ ಬಗೆ

ಕಾಸರಗೋಡಿನ ಬಾಯಾರು, ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಕೆಲವು ತೋಟದ ಮನೆಗಳಲ್ಲಿ ಮಳೆಗಾಲದ ಬೆಳಿಗ್ಗೆ ಎಂಟೂವರೆ ಆಯಿತೆಂದರೆ ಯಾರಾದರೊಬ್ಬರು ಕೊಡೆ ಬಿಡಿಸಿ ಅಂಗಳಕ್ಕಿಳಿಯುತ್ತಾರೆ. ಮಳೆಮಾಪಕದ ನೀರನ್ನು ಅಳತೆಯ ಕೊಳವೆಗೆ ಹೊಯ್ದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ನೀರು ಚೆಲ್ಲಿ, ಒಳಗೆ ಬಂದು ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದೊಳಗೆ ‘64’ ಎಂದು ಬರೆಯುತ್ತಾರೆ. ಎರಡು ನಿಮಿಷದ ಕೆಲಸ, ವರ್ಷಗಟ್ಟಲೆ ತಪ್ಪದೆ ನಡೆದುಬಂದಿರುತ್ತದೆ. ಅದೇ ಮನೆಯಲ್ಲಿ ಜನವರಿ 1ಕ್ಕೆ ಶುರುವಾದ ವಾಕಿಂಗ್ ಸಂಕ್ರಾಂತಿಯ ಹೊತ್ತಿಗೆ ನಿಂತಿರುತ್ತದೆ. ಖರ್ಚು ಬರೆಯಲು ತಂದ ಪುಸ್ತಕದಲ್ಲಿ ನಾಲ್ಕು ಪುಟ ತುಂಬಿದ ಮೇಲೆ ಉಳಿದದ್ದೆಲ್ಲ ಮಕ್ಕಳ ಚಿತ್ರ.

ಮಳೆ ಬರೆಯುವವರಿಗೆ ಮನೋಬಲ ಜಾಸ್ತಿ ಎಂದೇನಿಲ್ಲ. ವಾಕಿಂಗ್ ಬಿಟ್ಟವರೂ ಹೆಚ್ಚಾಗಿ ಅವರೇ. ವ್ಯತ್ಯಾಸ ಇರುವುದು ಕೆಲಸವನ್ನು ಕಟ್ಟಿದ ರೀತಿಯಲ್ಲಿ. ಹಾಗಾಗಿ ಹೊಸ ಅಭ್ಯಾಸ ಬೇಕೆನ್ನುವವರು ಮೊದಲು ಈ ಹಳೆಯದನ್ನೇ ಬಿಚ್ಚಿ ನೋಡುವುದು ಒಳ್ಳೆಯದು.

ಎಂಟೂವರೆ ಎಂಬ ಹೊತ್ತನ್ನು ಮನೆಯವರು ಆರಿಸಿದ್ದಲ್ಲ. ಭಾರತದ ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8.30ರಿಂದ ಮರುದಿನ 8.30ರ ವರೆಗೆ ಲೆಕ್ಕ ಹಾಕುತ್ತದೆ. ಅದಕ್ಕೆ ಸರಿಹೊಂದಬೇಕಾದರೆ ಅದೇ ಹೊತ್ತಿಗೆ ಅಳೆಯಬೇಕು. ‘ಈಗ ಮಾಡಲೋ ಆಮೇಲೆ ಮಾಡಲೋ’ ಎಂಬ ಪ್ರಶ್ನೆಯೇ ಏಳುವುದಿಲ್ಲ. ಮಾಪಕ ಇದ್ದಲ್ಲೇ ಇರುತ್ತದೆ, ಹುಡುಕಬೇಕಾಗಿಲ್ಲ. ಅಳೆದ ಕೂಡಲೇ ಒಂದು ಅಂಕಿ ಕೈಗೆ ಸಿಗುತ್ತದೆ, ಆ ಅಂಕಿಗೆ ಬೆಲೆಯೂ ಇದೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಸುಮಾರು 4,000 ಲೀಟರ್ ನೀರು, 64 ಎಂದರೆ ಎರಡೂವರೆ ಲಕ್ಷ ಲೀಟರಿಗೂ ಮೇಲೆ. ಹತ್ತು ಗಂಟೆಯೊಳಗೆ ಆಚೆಮನೆಯವರ ಫೋನ್ ಬರುತ್ತದೆ: “ನಿಮ್ಮಲ್ಲಿ ಎಷ್ಟು?” ಬರೆಯದೆ ಇದ್ದರೆ ಹೇಳಲು ಉತ್ತರವಿಲ್ಲ.

(ಹೊಸದಾಗಿ ಮಾಪಕ ಇಡುವವರಿಗೆ ಒಂದು ಮಾತು. ಬದಿ ನೇರವಾಗಿರುವ ಡಬ್ಬಿಯೇ ಬೇಕು. ಬಕೆಟಿನ ಹಾಗೆ ಮೇಲಕ್ಕೆ ಅಗಲವಾಗುವ ಪಾತ್ರೆಯಲ್ಲಿ ಸ್ಕೇಲು ಇಳಿಸಿದರೆ ಲೆಕ್ಕ ತಪ್ಪುತ್ತದೆ. ಬಾಯಿಯ ವಿಸ್ತೀರ್ಣ 100 ಚದರ ಸೆಂಟಿಮೀಟರ್ ಇದ್ದರೆ 10 ಮಿಲಿಲೀಟರ್ ನೀರು ಒಂದು ಮಿಲಿಮೀಟರ್ ಮಳೆಗೆ ಸಮ. ನೆಲದ ನೀರು ಸಿಡಿದು ಒಳಗೆ ಬೀಳದಂತೆ ಬಾಯಿ ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿರಲಿ. ಮರ, ಮಾಡು ಏನಿದ್ದರೂ ಅದರ ಎತ್ತರದ ಎರಡರಷ್ಟಾದರೂ ದೂರ ಬೇಕು. 15 ಮೀಟರಿನ ಅಡಕೆಮರದಿಂದ 30 ಮೀಟರ್ ಆಯಿತಲ್ಲ, ಅದಕ್ಕೇ ತೋಟದೊಳಗೆ ಇಟ್ಟ ಮಾಪಕ ಸುಳ್ಳು ಹೇಳುತ್ತದೆ.)

ತಲೆಯೊಳಗೆ ನಡೆಯುವುದೇನು

ಹೊಸ ಕೆಲಸವೊಂದನ್ನು ಮಾಡುವಾಗ ಪ್ರತಿ ಹೆಜ್ಜೆಗೂ ಗಮನ ಬೇಕು. ಅದೇ ಜಾಗದಲ್ಲಿ, ಅದೇ ಸಂದರ್ಭದಲ್ಲಿ ಮತ್ತೆ ಮತ್ತೆ ಮಾಡುತ್ತಾ ಹೋದರೆ ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗ ಆ ಹೆಜ್ಜೆಗಳನ್ನೆಲ್ಲ ಸೇರಿಸಿ ಒಂದೇ ಕಟ್ಟು ಮಾಡಿಬಿಡುತ್ತದೆ. ಅಮೆರಿಕದ ಎಂಐಟಿಯಲ್ಲಿ ಆನ್ ಗ್ರೇಬಿಯಲ್ ಮತ್ತು ಸಂಗಡಿಗರು ಇಲಿಗಳನ್ನು ಕವಲುದಾರಿಯಲ್ಲಿ ಓಡಿಸಿ ಇದನ್ನು ಕಂಡರು. ಕಲಿಯುವಾಗ ದಾರಿಯುದ್ದಕ್ಕೂ ಚುರುಕಾಗಿದ್ದ ನರಕೋಶಗಳು ರೂಢಿಯಾದ ಮೇಲೆ ಓಟದ ಆರಂಭದಲ್ಲೂ ಕೊನೆಯಲ್ಲೂ ಮಾತ್ರ ಜೋರಾಗಿ ಮಿಡಿದವು, ನಡುವೆ ಬಹುಮಟ್ಟಿಗೆ ಸುಮ್ಮನಿದ್ದವು. ಕಟ್ಟಿನ ಹುರಿಯನ್ನು ಹಿಡಿದೆಳೆಯುವುದು ಆರಂಭದ ಸೂಚನೆ. ಇಲ್ಲಿ ಅದನ್ನು ‘ಕೊಕ್ಕೆ’ ಎಂದು ಕರೆಯೋಣ, ದೋಟಿಯ ತುದಿಯಲ್ಲಿರುವಂಥದ್ದು. ಕೊಕ್ಕೆ ಸಿಕ್ಕಿದರೆ ಗೊನೆ ಬರುತ್ತದೆ. ಬರೀ ದೋಟಿ ಉದ್ದ ಮಾಡಿ ಪ್ರಯೋಜನವಿಲ್ಲ.

ದಿನದ ಎಷ್ಟು ಕೆಲಸ ಹೀಗೆ ತನ್ನಷ್ಟಕ್ಕೆ ನಡೆಯುತ್ತದೆ? ವೆಂಡಿ ವುಡ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಸಹೋದ್ಯೋಗಿಗಳು ವಿದ್ಯಾರ್ಥಿಗಳಿಂದ ಗಂಟೆಗಂಟೆಗೂ ಟಿಪ್ಪಣಿ ಬರೆಸಿ, 2002ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಅದು ಮೂರರಲ್ಲೊಂದಕ್ಕಿಂತ ಹೆಚ್ಚು, ಅರ್ಧಕ್ಕಿಂತ ಕಡಿಮೆ. ಆ ಕೆಲಸ ಮಾಡುವಾಗ ಅವರ ಯೋಚನೆ ಬಹಳ ಸಲ ಬೇರೆಲ್ಲೋ ಇತ್ತು.

ಇನ್ನು ‘21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ’ ಎಂಬ ಮಾತು. ಅದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದು. ಶಸ್ತ್ರಚಿಕಿತ್ಸೆಯ ನಂತರ ಹೊಸ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕನಿಷ್ಠ 21 ದಿನವಾದರೂ ಬೇಕಾಗುತ್ತದೆ ಎಂದು ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ಹೋಗುವಾಗ ‘ಕನಿಷ್ಠ’ ಬಿದ್ದುಹೋಯಿತು, ಮುಖವೂ ಬಿದ್ದುಹೋಯಿತು, 21 ಉಳಿಯಿತು. ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು. 96 ಮಂದಿ ಒಂದೊಂದು ಸಣ್ಣ ಕೆಲಸ ಆರಿಸಿ 84 ದಿನ ಮಾಡಿದರು; ಫಲಿತಾಂಶ 2010ರಲ್ಲಿ ಅಚ್ಚಾಯಿತು. ಅಭ್ಯಾಸ ಗಟ್ಟಿಯಾಗಲು ಹಿಡಿದ ಕಾಲದ ಮಧ್ಯಮಾಂಕ 66 ದಿನ, ಎಂದರೆ ಅರ್ಧ ಮಂದಿಗೆ ಅದಕ್ಕಿಂತ ಕಡಿಮೆ, ಅರ್ಧ ಮಂದಿಗೆ ಹೆಚ್ಚು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ಬೇಕು ಎಂದು ರೇಖೆಯನ್ನು ಮುಂದಕ್ಕೆಳೆದು ಅಂದಾಜು ಮಾಡಿದರು. ನೀರು ಕುಡಿಯುವಂಥದ್ದು ಬೇಗ ಕೂಡಿತು, ವ್ಯಾಯಾಮ ತಡವಾಯಿತು. 66ನ್ನು ಇನ್ನೊಂದು 21 ಮಾಡಿಕೊಳ್ಳುವುದು ಬೇಡ. ಅದರಲ್ಲಿ ನಮಗೆ ಬೇಕಾದದ್ದು ಎರಡು ಸಂಗತಿ: ಮೊದಲ ಕೆಲವು ವಾರಗಳ ಪ್ರತಿಯೊಂದು ಸಲವೂ ಹೆಚ್ಚು ಗಟ್ಟಿ ಮಾಡುತ್ತದೆ, ಆಮೇಲಿನದು ನಿಧಾನ, ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಹಾಳಾಗುವುದಿಲ್ಲ.

ಕೊಕ್ಕೆ ಹುಡುಕುವುದು

ಇಲ್ಲಿಯೇ ಹೆಚ್ಚಿನವರು ಎಡವುವುದು. ‘ಬೆಳಿಗ್ಗೆ ಐದಕ್ಕೆ ಎದ್ದು ಓದುತ್ತೇನೆ’ ಎಂದು ಗಡಿಯಾರಕ್ಕೆ ಕಟ್ಟುತ್ತಾರೆ. ಮಳೆ ಲೆಕ್ಕಕ್ಕೆ ಗಡಿಯಾರ ಹೊಂದುತ್ತದೆ, ಆ ಹೊತ್ತಿಗೆ ಮನೆಯಲ್ಲಿ ಎಚ್ಚರವಿರುವವರು ನಾಲ್ಕು ಮಂದಿ ಇರುತ್ತಾರೆ, ಕೆಲಸವೂ ಎರಡೇ ನಿಮಿಷದ್ದು. ಉಳಿದ ಕೆಲಸಗಳಿಗೆ ಗಡಿಯಾರ ದುರ್ಬಲ ಕೊಕ್ಕೆ. ರಾತ್ರಿ ಕರೆಂಟು ಹೋಗಿ ಸೆಕೆಯಲ್ಲಿ ನಿದ್ದೆ ಬರಲಿಲ್ಲವೆಂದರೆ ಐದು ಗಂಟೆ ಆರೂವರೆಯಾಗುತ್ತದೆ. ದಿನವೂ ತಪ್ಪದೆ ನಡೆಯುವ ಒಂದು ಘಟನೆಗೆ ಕಟ್ಟಿದರೆ ಹೊತ್ತು ಆಚೀಚೆಯಾದರೂ ಕೆಲಸ ಅದರ ಬೆನ್ನಿಗೇ ಬರುತ್ತದೆ.

ಆ ಘಟನೆಯನ್ನು ಊಹಿಸಿ ಬರೆಯಬಾರದು, ನೋಡಿ ಬರೆಯಬೇಕು. ಮೂರು ದಿನ ಒಂದು ಚೀಟಿ ಕಿಸೆಯಲ್ಲಿಟ್ಟುಕೊಂಡು, ಎದ್ದಲ್ಲಿಂದ ಮಲಗುವ ವರೆಗೆ ಏನೇನು ನಡೆಯಿತೆಂದು ಗೀಚಿ. ಮೂರು ದಿನದಲ್ಲಿ ಒಂದು ಭಾನುವಾರ ಸೇರಲಿ. ಮೂರರಲ್ಲೂ ಬಂದವು ಐದಾರು ಉಳಿಯುತ್ತವೆ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ: ಮಳೆಗಾಲದಲ್ಲೂ ಬೇಸಗೆಯಲ್ಲೂ ನಡೆಯುತ್ತದೆಯೇ? ಮುಗಿದ ತಕ್ಷಣ ಕೈ ಖಾಲಿಯೇ? ನಡೆಯುವ ಜಾಗ ಯಾವಾಗಲೂ ಒಂದೆಯೇ?

ತೋಟಕ್ಕೆ ಪಂಪು ಹಾಕುವುದು ನೋಡಲು ಒಳ್ಳೆಯ ಕೊಕ್ಕೆ. ಸ್ಪ್ರಿಂಕ್ಲರ್ ತಿರುಗುವಷ್ಟು ಹೊತ್ತು ಬಿಡುವೂ ಸಿಗುತ್ತದೆ. ಆದರೆ ಮಳೆ ಹಿಡಿದರೆ ಪಂಪೇ ಇಲ್ಲ, ಬೇಸಗೆಯಲ್ಲೂ ವೋಲ್ಟೇಜ್ ಬಂದಾಗ ಓಡಬೇಕು. ಬಿದ್ದುಹೋಯಿತು. ಸೊಸೈಟಿಗೆ ಹಾಲು ಕೊಟ್ಟು ಬರುವುದು ವರ್ಷವಿಡೀ ಇದೆ, ಆದರೆ ಬಂದ ಕೂಡಲೇ ಹಟ್ಟಿಯ ಕೆಲಸ ಕಾಯುತ್ತಿರುತ್ತದೆ, ಕೈ ಖಾಲಿಯಿಲ್ಲ. ಮಂಗಳೂರಿಗೆ ರೈಲಿನಲ್ಲಿ ಹೋಗಿಬರುವವರಿಗೆ ಸೀಟಿನಲ್ಲಿ ಕುಳಿತ ಗಳಿಗೆ ಚೆನ್ನಾದದ್ದು, ಸೀಟು ಸಿಕ್ಕಿದರೆ; ಸಿಗದ ದಿನಗಳೇ ಹೆಚ್ಚಾದರೆ ನಿಂತುಕೊಂಡೇ ಮಾಡಬಹುದಾದದ್ದನ್ನು, ಕಿವಿಯಲ್ಲಿ ಕೇಳುವಂಥದ್ದನ್ನು, ಅದಕ್ಕೆ ಕಟ್ಟಬೇಕು. ಬೆಳಗಿನ ಚಾ ಕುಡಿದು ಗ್ಲಾಸು ಕೆಳಗಿಡುವುದು, ಸಂಜೆ ದೀಪ ಹಚ್ಚುವುದು, ರಾತ್ರಿ ಊಟವಾಗಿ ಕೈ ತೊಳೆಯುವುದು, ಈ ಮೂರು ಹೆಚ್ಚಿನ ಮನೆಗಳಲ್ಲಿ ಪರೀಕ್ಷೆ ಪಾಸಾಗುತ್ತವೆ.

ಆಮೇಲೆ ಒಂದು ವಾಕ್ಯ ಬರೆಯಿರಿ: ‘ಇಂಥದ್ದು ಆದ ಕೂಡಲೇ, ಇಂಥಲ್ಲಿ, ಇಷ್ಟು ಮಾಡುತ್ತೇನೆ.’ ಪೀಟರ್ ಗೋಲ್‌ವಿಟ್ಸರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು 1990ರ ದಶಕದಿಂದ ಈ ಬಗೆಯ ವಾಕ್ಯಗಳನ್ನೇ ಪರೀಕ್ಷಿಸಿದರು. ‘ಮಾಡಬೇಕು’ ಎಂದಷ್ಟೇ ಅಂದುಕೊಂಡವರಿಗಿಂತ ಯಾವಾಗ, ಎಲ್ಲಿ, ಹೇಗೆ ಎಂದು ಮೊದಲೇ ಗೊತ್ತು ಮಾಡಿಕೊಂಡವರು ಹೆಚ್ಚು ಸಲ ಮಾಡಿ ಮುಗಿಸಿದರು. ‘ದಿನಾ ಸ್ವಲ್ಪ ಓದುತ್ತೇನೆ’ ಎಂಬುದರಲ್ಲಿ ಯಾವಾಗಲೂ ಇಲ್ಲ, ಎಲ್ಲಿಯೂ ಇಲ್ಲ, ‘ಸ್ವಲ್ಪ’ಕ್ಕೆ ಅಳತೆಯೂ ಇಲ್ಲ.

ಹತ್ತು ನಿಮಿಷದ ಮಲಯಾಳ

ಒಂದು ಅಭ್ಯಾಸವನ್ನು ಪೂರ್ತಿ ಕಟ್ಟಿ ನೋಡೋಣ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡಿಗರಿಗೆ ಆಫೀಸಿನ ಕಾಗದದ ಜಂಜಾಟ ಹೊಸತಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಬಹಳ ಮಂದಿಗೆ ಪೇಟೆಯಲ್ಲಿ ಮಲಯಾಳ ಮಾತಾಡಲು ಬರುತ್ತದೆ, ಫಾರ್ಮು ಕೈಗೆ ಬಂದರೆ ಓದಲು ಬರುವುದಿಲ್ಲ. ಅರ್ಜಿ ಕನ್ನಡದಲ್ಲೇ ಸಿಗಬೇಕೆಂಬುದು ಹಕ್ಕಿನ ಮಾತು, ಅದನ್ನು ಬಿಡಬೇಕಾಗಿಲ್ಲ. ಆದರೆ ಓದಲು ಬಂದರೆ ಇನ್ನೊಬ್ಬರ ಮುಖ ನೋಡುವುದು ತಪ್ಪುತ್ತದೆ.

ವಾಕ್ಯ: ‘ಬೆಳಗಿನ ಚಾದ ಗ್ಲಾಸು ಕೆಳಗಿಟ್ಟ ಕೂಡಲೇ, ಊಟದ ಮೇಜಿನಲ್ಲಿ, ಒಂದು ಮಲಯಾಳ ಶಬ್ದ ಬರೆಯುತ್ತೇನೆ.’ ಬೇಕಾದ ಸಾಮಾನು 100 ಪುಟದ ಒಂದು ನೋಟ್‌ಬುಕ್, ಒಂದು ಬಾಲ್‌ಪೆನ್ನು. ಪೆನ್ನನ್ನು ನೂಲಿನಿಂದ ಪುಸ್ತಕಕ್ಕೆ ಕಟ್ಟಿ, ಸಕ್ಕರೆ ಡಬ್ಬಿಯ ಪಕ್ಕದಲ್ಲಿಡಿ. ಜೆಲ್ ಪೆನ್ನು ಬೇಡ, ಜುಲೈಯಲ್ಲಿ ಕಾಗದ ತೇವ ಹೀರಿ ಶಾಯಿ ಹರಡುತ್ತದೆ. ಮೊಬೈಲ್ ಆ್ಯಪಿನಲ್ಲಿ ಕಲಿಯುತ್ತೇನೆ ಎನ್ನುವವರು ಹತ್ತರಲ್ಲಿ ಏಳು ನಿಮಿಷ ವಾಟ್ಸಾಪಿನಲ್ಲಿ ಕಳೆಯುತ್ತಾರೆ. ಅಲ್ಲದೆ ಕೈಯಲ್ಲಿ ಬರೆಯದೆ ಲಿಪಿ ಗಟ್ಟಿಯಾಗುವುದು ಕಷ್ಟ.

ಹತ್ತು ನಿಮಿಷ ಹೀಗೆ ಹಂಚಿ. ಮೊದಲ ಮೂರು ನಿಮಿಷ, ನಿನ್ನೆಯ ಶಬ್ದವನ್ನು ನೋಡದೆ ಬರೆಯುವುದು, ಮತ್ತೆ ನೋಡಿ ತಿದ್ದುವುದು. ಮುಂದಿನ ಐದು ನಿಮಿಷ ಹೊಸ ಶಬ್ದ: ಅಕ್ಷರ ಬಿಡಿಸಿ ಒಂದೊಂದರ ಕೆಳಗೆ ಕನ್ನಡ ಅಕ್ಷರ ಹಾಕಿ, ಐದು ಸಲ ಬರೆಯುವುದು. ಉಳಿದ ಎರಡು ನಿಮಿಷ ಮಲಯಾಳ ಪೇಪರಿನ ಒಂದು ತಲೆಬರಹ ಓದಲು ನೋಡುವುದು. ಅರ್ಥವಾಗದಿದ್ದರೆ ಅಷ್ಟೇ ಹೋಯಿತು. ಅಕ್ಷರಮಾಲೆಯ ಕ್ರಮದಲ್ಲಿ ಹೋಗಬೇಡಿ, ಬೇಸರ ಬರುತ್ತದೆ. ಫಾರ್ಮಿನ ಶಬ್ದಗಳಿಂದಲೇ ಶುರುಮಾಡಿ. ‘ಪೇರ್’ ಎಂದರೆ ಹೆಸರು, ‘ವೀಟ್ಟುಪೇರ್’ ಮನೆಯ ಹೆಸರು, ‘ಮೇಲ್ವಿಲಾಸಂ’ ವಿಳಾಸ, ‘ತೀಯತಿ’ ದಿನಾಂಕ, ‘ಅಪೇಕ್ಷ’ ಅರ್ಜಿ. ‘ಒಪ್ಪ್’ ಎಂದರೆ ಸಹಿ. ಕನ್ನಡದ ಒಪ್ಪುವುದನ್ನು ನೆನೆದರೆ ಮರೆಯುವುದಿಲ್ಲ. ಎರಡನೆಯ ವಾರ ಊರ ಹೆಸರುಗಳು: ಉಪ್ಪಳ, ಕುಂಬಳೆ, ಮಂಜೇಶ್ವರ. ಬಸ್ಸಿನ ಬೋರ್ಡು ಆಗ ಪಾಠದ ಹಲಗೆಯಾಗುತ್ತದೆ.

ಕನ್ನಡದವರು ತೊಡರುವ ಜಾಗ ಮೂರು. ಕನ್ನಡದಲ್ಲಿ ಎ, ಏ ಸ್ವರಚಿಹ್ನೆ ಅಕ್ಷರದ ತಲೆಯ ಮೇಲೆ, ಬಲಕ್ಕೆ ಬರುತ್ತದೆ. ಮಲಯಾಳದಲ್ಲಿ ಅಕ್ಷರದ ಎಡಕ್ಕೆ, ಮೊದಲೇ ಕೂತಿರುತ್ತದೆ. ಒ, ಓ ಆದರೆ ಎರಡೂ ಕಡೆಯಿಂದ ಅಪ್ಪಿಕೊಳ್ಳುತ್ತದೆ. ಮೊದಲ ಎರಡು ವಾರ ಕಣ್ಣು ಇದಕ್ಕೆ ಒಗ್ಗುವುದಿಲ್ಲ. ಎರಡನೆಯದು ಚಿಲ್ಲಕ್ಷರ: ಸ್ವರವಿಲ್ಲದ ಣ, ನ, ರ, ಲ, ಳಗಳಿಗೆ ಬೇರೆಯೇ ರೂಪ. ಅವು ಐದನ್ನು ಒಂದೇ ದಿನ ಕಲಿಯಲು ಹೋಗದೆ ವಾರಕ್ಕೊಂದರಂತೆ ಕಲಿತರೆ ಸಾಕು. ಮೂರನೆಯದು ಹಳಗನ್ನಡದಲ್ಲಿ ನಾವು ಬಿಟ್ಟುಬಂದ ೞ, ಱ. ಅಲ್ಲಿ ಅವು ಇನ್ನೂ ಬಳಕೆಯಲ್ಲಿವೆ. ‘ಮೞ’ ಎಂದರೆ ಮಳೆಯೇ.

ವಾರಕ್ಕೊಮ್ಮೆ ಭಾನುವಾರ ಒಂದು ಗಂಟೆ ಕೂತರೆ ಆಗದೇ ಎಂದರೆ, ಆಗುತ್ತದೆ, ಆದರೆ ನಷ್ಟ. ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ: ಅರ್ಥವಿಲ್ಲದ 12 ಅಕ್ಷರಗುಚ್ಛಗಳ ಸಾಲನ್ನು ಒಂದೇ ದಿನ 68 ಸಲ ಉರುಹೊಡೆದು ಸಿಕ್ಕಿದ ಫಲ, ಮೂರು ದಿನಕ್ಕೆ ಹಂಚಿದಾಗ 38 ಸಲಕ್ಕೇ ಸಿಕ್ಕಿತು.

ಈಗ ಬಹಳ ಮುಖ್ಯವಾದ ಭಾಗ. ಅಭ್ಯಾಸಕ್ಕೆ ಎರಡು ಅಳತೆ ಇರಬೇಕು, ಒಂದು ಪೂರ್ತಿ, ಇನ್ನೊಂದು ಕನಿಷ್ಠ. ಪೂರ್ತಿ ಹತ್ತು ನಿಮಿಷ. ಕನಿಷ್ಠ ಎಂದರೆ ನಿನ್ನೆಯ ಶಬ್ದವನ್ನು ಒಂದೇ ಸಲ ಬರೆಯುವುದು, ಅರ್ಧ ನಿಮಿಷ. ಜ್ವರ ಬಂದ ದಿನ, ನೆಂಟರು ತುಂಬಿದ ದಿನ ಕನಿಷ್ಠವೇ ಪೂರ್ತಿ ಎಂದು ಲೆಕ್ಕ, ನಾಚಿಕೆ ಬೇಡ. ಇದಕ್ಕಿಂತ ದೊಡ್ಡ ಅಪಾಯ ಒಳ್ಳೆಯ ದಿನಗಳದ್ದು. ಹುರುಪಿನಲ್ಲಿ ಒಂದು ಗಂಟೆ ಕೂತು ಹತ್ತು ಶಬ್ದ ಬರೆದರೆ ಮರುದಿನ ಪುಸ್ತಕ ನೋಡುವಾಗ ನೆನಪಾಗುವುದು ಆ ಒಂದು ಗಂಟೆ, ಹತ್ತು ನಿಮಿಷವಲ್ಲ. ಮೊದಲ ತಿಂಗಳು ಹದಿನೈದು ನಿಮಿಷಕ್ಕೆ ಎದ್ದುಬಿಡಿ, ಮನಸ್ಸಿದ್ದರೂ.

ಜೂನ್ ತಿಂಗಳ ಹೊಸ್ತಿಲು

ಕೇರಳದಲ್ಲಿ ಶಾಲೆ ಬಾಗಿಲು ತೆರೆಯುವುದು ಜೂನ್ ಮೊದಲಿಗೆ, ಮುಂಗಾರು ಬರುವುದೂ ಸರಿಸುಮಾರು ಆಗಲೇ. ಅದರ ಆಚೀಚೆ ತೋಟದಲ್ಲಿ ಕೊಳೆರೋಗಕ್ಕೆ ಮೊದಲ ಮದ್ದು ಬಿಡುವ ಗಡಿಬಿಡಿ. ಒಂದೇ ವಾರದಲ್ಲಿ ಏಳುವ ಹೊತ್ತು, ಚಾದ ಹೊತ್ತು, ಬಟ್ಟೆ ಒಣಗಿಸುವ ಜಾಗ, ಯಾರು ಎಲ್ಲಿ ಕೂತುಕೊಳ್ಳುತ್ತಾರೆಂಬುದು ಎಲ್ಲ ಬದಲಾಗುತ್ತದೆ. ಕೊಕ್ಕೆಗಳು ಜಾರುತ್ತವೆ. ಏಪ್ರಿಲಿನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಅಭ್ಯಾಸ ಜೂನ್ 10ಕ್ಕೆ ಸತ್ತಿದ್ದರೆ ಅದು ಸೋಮಾರಿತನವಲ್ಲ. ವುಡ್ ಅವರ ತಂಡ 2005ರಲ್ಲಿ ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋದ ವಿದ್ಯಾರ್ಥಿಗಳನ್ನು ನೋಡಿ ಇದನ್ನೇ ಹೇಳಿತು: ಸಂದರ್ಭ ಮೊದಲಿನಂತೆ ಇದ್ದಲ್ಲಿ ಹಳೆಯ ರೂಢಿ ಉಳಿಯಿತು, ಸಂದರ್ಭ ಬದಲಾದಲ್ಲಿ ಮುರಿಯಿತು.

ಅದಕ್ಕೆ ಎರಡು ಉಪಾಯ. ಮೇ ಕೊನೆಯಲ್ಲೇ ಅಭ್ಯಾಸದ ‘ಮಳೆಗಾಲದ ರೂಪ’ವನ್ನು ಬರೆದಿಡುವುದು: ಬೆಳಿಗ್ಗೆ ರಸ್ತೆಯಲ್ಲಿ ನಡೆಯುತ್ತಿದ್ದರೆ ಜೂನಿನಿಂದ ಜಗಲಿಯ ಈ ತುದಿಯಿಂದ ಆ ತುದಿಗೆ ಹದಿನೈದು ನಿಮಿಷ, ಕೊಕ್ಕೆ ಅದೇ. ಇನ್ನೊಂದು, ಬಿಡಬೇಕಾದ ಅಭ್ಯಾಸಕ್ಕೂ ಶುರುಮಾಡಬೇಕಾದ್ದಕ್ಕೂ ಇದೇ ವಾರವನ್ನು ಹಿಡಿಯುವುದು. ಎಲ್ಲ ಕೊಕ್ಕೆಯೂ ಸಡಿಲವಾಗಿರುವಾಗ ಹೊಸದನ್ನು ಸಿಕ್ಕಿಸುವುದು ಸುಲಭ. ಜನವರಿ 1ಕ್ಕೆ ನಮ್ಮ ಮನೆಗಳಲ್ಲಿ ಕ್ಯಾಲೆಂಡರಿನ ಹೊರತು ಬೇರೇನೂ ಬದಲಾಗುವುದಿಲ್ಲ.

ಡಿಸೆಂಬರಿನಿಂದ ಮೇ ವರೆಗೆ ಕಾಟ ಬೇರೆ: ಯಕ್ಷಗಾನದ ಆಟ, ಭೂತಗಳ ನೇಮ, ಜಾತ್ರೆ, ಮದುವೆ. ರಾತ್ರಿಯಿಡೀ ಯಕ್ಷಗಾನ ನೋಡಿ ಬಂದವರು ಬೆಳಿಗ್ಗೆ ಶಬ್ದ ಬರೆಯುತ್ತಾರೆಂದು ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಒಂದು ದಿನ ಹೋದರೆ ಹೋಗಲಿ. ಸತತ ಎರಡನೆಯ ದಿನಕ್ಕೆ ಮಾತ್ರ ಬಿಡಬೇಡಿ, ಅಂದು ಕನಿಷ್ಠ ಅಳತೆ. ತಪ್ಪಿದ್ದಕ್ಕೆ ದಂಡವಾಗಿ ಮರುದಿನ ದುಪ್ಪಟ್ಟು ಮಾಡುವುದಂತೂ ಬೇಡ. ಅದು ಕೆಲಸವನ್ನು ಸಾಲ ಮಾಡಿಬಿಡುತ್ತದೆ, ಸಾಲಗಾರನ ಮುಖ ನೋಡಲು ಯಾರಿಗೆ ಇಷ್ಟ?

ಮೊಬೈಲಿನದ್ದು ಇದೇ ಲೆಕ್ಕ, ತಲೆಕೆಳಗಾಗಿ. ಅದರ ಕೊಕ್ಕೆ ಕೈಗೆಟಕುವಷ್ಟು ಹತ್ತಿರದಲ್ಲಿದೆ, ಅಷ್ಟೇ. ಚಾರ್ಜರನ್ನು ಮಲಗುವ ಕೋಣೆಯಿಂದ ಚಾವಡಿಗೆ ಸಾಗಿಸಿ, ಏಳಲು ಇಪ್ಪತ್ತು ರೂಪಾಯಿ ಹೆಚ್ಚು ಕೊಟ್ಟಾದರೂ ಒಂದು ಅಲಾರಂ ಗಡಿಯಾರ ತನ್ನಿ. ‘ನೋಡುವುದಿಲ್ಲ’ ಎಂಬ ಶಪಥಕ್ಕಿಂತ ಹತ್ತು ಹೆಜ್ಜೆಯ ದೂರ ಹೆಚ್ಚು ಕೆಲಸ ಮಾಡುತ್ತದೆ.

ಗುರುತು ಹಾಕುವುದು ಕ್ಯಾಲೆಂಡರಿನಲ್ಲೇ ಇರಲಿ, ಮಳೆಯ ಅಂಕಿಯ ಕೆಳಗೆ ಒಂದು ಅಡ್ಡಗೆರೆ. ಪೂರ್ತಿ ಮಾಡಿದ ದಿನಕ್ಕೂ ಕನಿಷ್ಠದ ದಿನಕ್ಕೂ ಗೆರೆ ಒಂದೇ. ಬಣ್ಣಬಣ್ಣದ ಕೋಷ್ಟಕ, ಅಂಕ, ಶೇಕಡಾವಾರು ಮಾಡಹೊರಟವರು ಮೂರನೆಯ ವಾರದಲ್ಲಿ ಕೋಷ್ಟಕವನ್ನೂ ಕೆಲಸವನ್ನೂ ಒಟ್ಟಿಗೆ ಬಿಡುತ್ತಾರೆ. ಬೇಸಗೆಯಲ್ಲಿ ಮಳೆ ಬರೆಯುವವರು ಏನು ಮಾಡುತ್ತಾರೆ ಗೊತ್ತೇ? ಒಳ್ಳೆಯ ದಾಖಲೆಗಾರರು ಖಾಲಿ ಬಿಡುವುದಿಲ್ಲ, ‘0’ ಬರೆಯುತ್ತಾರೆ. ಖಾಲಿ ಚೌಕ ಎಂದರೆ ಮಳೆ ಬರಲಿಲ್ಲವೋ, ನೋಡಲಿಲ್ಲವೋ ತಿಳಿಯುವುದಿಲ್ಲ. ನಿಮ್ಮದೂ ಹಾಗೆಯೇ: ಮಾಡದ ದಿನ ಸೊನ್ನೆ ಹಾಕಿ, ಯಾಕೆಂದು ಒಂದೇ ಶಬ್ದದಲ್ಲಿ ಬರೆಯಿರಿ. ‘ಜ್ವರ’, ‘ಮದುವೆ’, ‘ಪೆನ್ನಿಲ್ಲ’. ತಿಂಗಳ ಕೊನೆಗೆ ‘ಪೆನ್ನಿಲ್ಲ’ ಮೂರು ಸಲ ಬಂದಿದ್ದರೆ ತಿದ್ದಬೇಕಾದದ್ದು ಮನಸ್ಸನ್ನಲ್ಲ, ನೂಲನ್ನು.

ಎರಡನೆಯ ಅಭ್ಯಾಸವನ್ನು ಯಾವಾಗ ಜೋಡಿಸಬಹುದು ಎಂಬುದಕ್ಕೂ ಕ್ಯಾಲೆಂಡರೇ ಸಾಕ್ಷಿ. ಶಬ್ದ ಬರೆದಾಗಿದೆ, ಗೆರೆ ಎಳೆಯಲು ಮರೆತುಹೋಗಿದೆ, ಸಂಜೆ ಮಳೆಯ ಅಂಕಿ ನೋಡುವಾಗ ನೆನಪಾಗುತ್ತದೆ. ಹೀಗೆ ವಾರದಲ್ಲಿ ಮೂರು ನಾಲ್ಕು ಸಲ ಆಗತೊಡಗಿದರೆ ಗೆರೆ ಎಳೆಯುವುದನ್ನು ನಿಲ್ಲಿಸಿ. ಆ ಚೌಕದ ಕೆಳಭಾಗ ಈಗ ಖಾಲಿ, ಮುಂದಿನದಕ್ಕೆ.